ತುದಿಗುಡ್ಡದ ಹೋತ

ಗಣಪಿ ಮರಿಯ ಬಾಲ ಎತ್ತಿ ನೋಡಿದಳು. ಅದನ್ನು ತಾಯಿಯ ಮೂತಿಯ ಹತ್ತಿರ ಇಟ್ಟು, ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು.

"ಎಂತದು?" ಕೊಟ್ಟಿಗೆಯ ಗಳಕ್ಕೆ ಒರಗಿ ನಿಂತಿದ್ದ ಕುಪ್ಪಯ್ಯ ಕೇಳಿದ.

"ಎಂತದು ಅಂದ್ರೆ ಎಂತದು. ಹೋತ."

"ಮತ್ತೊಂದು?"

"ಅದೂ ಹೋತವೇ. ಹೋದ ಸಲ ಒಂಬತ್ತು, ಈ ಸಲ ಹನ್ನೊಂದು. ಇಪ್ಪತ್ತರಲ್ಲಿ ಒಂದಾದ್ರೂ ಹೆಣ್ಣು ಬೇಡ್ದಾ ತಮ್ಮಾ? ನಮ್ಮ ಕೇರಿ ಗಂಡಸ್ರು ಗಂಡು ಬೇಕು ಗಂಡು ಬೇಕು ಅಂತ ಜಟಗ ದೇವ್ರ ತಲೆ ತಿಂದದ್ದು ಹೆಚ್ಚಾಗಿ, ಪಾಲು ಆಡಿಗೂ ಬಂದಿರ್ಬೇಕು."

ಕುಪ್ಪಯ್ಯ ನಕ್ಕ. ಅಕ್ಕ ನಗಲಿಲ್ಲ. ಅವಳು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗಿಣ್ಣುಗಳನ್ನು ತಿಕ್ಕಿಕೊಳ್ಳುತ್ತಿದ್ದಳು. ಯೋಚನೆ ಹತ್ತಿದರೆ ಹಾಗೆ ಮಾಡುವುದು ಅವಳ ರೂಢಿ. ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಹನ್ನೊಂದು ವರ್ಷ ಐಸಿನ ನೀರಿನೊಳಗೆ ಕೈ ಇಟ್ಟವಳು ಗಣಪಿ. ಬೆರಳ ಸಂದಿಯ ಹುಣ್ಣು ಮಾಯುವ ಮೊದಲೇ ಮತ್ತೊಂದು ಹುಣ್ಣು ಏಳುತ್ತಿತ್ತು. ಕಡೆಗೊಂದು ದಿನ ಮೇಸ್ತ್ರಿ ಅವಳ ಕೈ ನೋಡಿ, ಇದರ ಕೀವು ಮಾಲಿಗೆ ತಾಗಿದರೆ ಕಂಟೇನರೇ ವಾಪಸ್ಸು ಬರ್ತದೆ ಎಂದು ಹೊರಗೆ ಕಳಿಸಿದ. ಅವನಿಗೆ ಚಿಂತೆಯಿದ್ದದ್ದು ಸಿಗಡಿಯದು. ಗಂಡ ಮೊದಲೇ ಇರಲಿಲ್ಲ. ಒಂದು ಆಡು ತಂದು ಕಟ್ಟಿದಳು. ಆ ಒಂದು ಈಗ ಹದಿನಾಲ್ಕಾಗಿತ್ತು. ಅಳಿವೆಕೊಪ್ಪದಲ್ಲಿ ಎದೆಹಾಲು ಬತ್ತಿದ ಬಾಣಂತಿಯರ ಮನೆಯವರು ಮೊದಲು ಬರುತ್ತಿದ್ದದ್ದು ಅವಳ ಬಾಗಿಲಿಗೇ. ಶೆಡ್ಡಿನಲ್ಲಿ 'ಏಯ್' ಆಗಿದ್ದವಳು ಕೇರಿಯಲ್ಲಿ ಗಣಪಕ್ಕ ಆದದ್ದು ಈ ಹದಿನಾಲ್ಕು ಬಾಲಗಳಿಂದ.

ಒಂದು ಆಡು ಏಳೆಂಟು ವರ್ಷ ಈಯುತ್ತದೆ. ಆಮೇಲೆ ಅದರ ಜಾಗಕ್ಕೆ ಅದರ ಮಗಳು ಬರಬೇಕು. ಮಗಳು ಇಲ್ಲದ ಹಿಂಡು ಎಷ್ಟೇ ಮರಿ ಹಾಕಿದರೂ ಮುಗಿಯುತ್ತಿರುವ ಹಿಂಡೇ. ಇದು ಗಣಪಿಗೆ ಯಾರೂ ಹೇಳಿಕೊಡಬೇಕಾದ ಲೆಕ್ಕವಲ್ಲ.

"ಹೋತದ ದೋಷವಾ ಅಂತ," ಎಂದಳು. "ಆದ್ರೆ ಅದು ಬಂದ ಜಾಗ ನೋಡಿದ್ರೆ ಹಾಗೆ ಹೇಳೂಕೆ ಬಾಯಿ ಬತ್ತಿಲ್ಲ."

ಕುಪ್ಪಯ್ಯನಿಗೂ ಬಾಯಿ ಬರಲಿಲ್ಲ. ಆ ಹೋತವನ್ನು ತಂದುಕೊಟ್ಟವನು ಅವನೇ.

ಹೋತ ಬಂದದ್ದು ತುದಿಗುಡ್ಡದಿಂದ. ಅಳಿವೆಯ ಬಾಯಿಂದ ಪಡುವಣಕ್ಕೆ ದೋಣಿ ಬಿಟ್ಟರೆ ಎರಡು ತಾಸಿಗೆ ಸಿಗುವ ಕಲ್ಲಿನ ನಡುಗಡ್ಡೆ ಅದು. ಮೇಲೆ ಜಟಗನ ಒಂದು ಕಲ್ಲು. ಬಲೆ ಬಿಡುವ ಮಂದಿ ಕಂಟಕ ಬಂದಾಗ ಹರಕೆ ಹೊತ್ತು, ಅಲ್ಲಿಗೆ ಜೀವಂತ ಆಡು ಒಯ್ದು ಬಿಟ್ಟು ಬರುತ್ತಿದ್ದರು. ಕಡಿಯುವಂತಿಲ್ಲ, ಕಟ್ಟುವಂತಿಲ್ಲ. ತಲೆತಲಾಂತರದಿಂದ ಬಿಟ್ಟ ಆಡುಗಳು ಮುನ್ನೂರು ದಾಟಿ, ಕಾಡಾಡುಗಳಾಗಿ, ಹುಟ್ಟಿದ ಸಸಿಯನ್ನೆಲ್ಲ ಬೇರಿನವರೆಗೆ ಮೇಯ್ದವು. ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟಲು ಮರವಿಲ್ಲದಾಯಿತು. ಹದ್ದಿಗಾಗಿ ನಡುಗಡ್ಡೆಯನ್ನು ರಕ್ಷಿತ ಪ್ರದೇಶ ಎಂದು ಬರೆದರು. ಆಡುಗಳನ್ನು ಹೊಡೆಯಲು ಬಂದೂಕಿನವರು ಬಂದ ದಿನ ಊರ ಹೆಂಗಸರು ದೋಣಿಗಳಿಗೆ ಅಡ್ಡ ಮಲಗಿದರು. ಜಟಗನ ಆಡಿನ ರಕ್ತ ಬಿದ್ದರೆ ಕಡಲು ಯಾರನ್ನೂ ಬಿಡುವುದಿಲ್ಲ ಎಂದರು.

ಆಮೇಲೆ ಬಂದದ್ದು ವಿಜ್ಞಾನ. ಗುಂಡಿಲ್ಲ, ವಿಷವಿಲ್ಲ, ಒಂದು ಹನಿ ರಕ್ತವಿಲ್ಲ ಎಂದಿತು.

ಮರಿ ಗಂಡೋ ಹೆಣ್ಣೋ ಎನ್ನುವುದು ಹೋತದ ಬೀಜದಲ್ಲಿ ತೀರ್ಮಾನವಾಗುವ ಸಂಗತಿ. ಅದರಲ್ಲಿ ಅರ್ಧ ಗಂಡಿನ ಬೀಜ, ಅರ್ಧ ಹೆಣ್ಣಿನ ಬೀಜ. ಹೆಣ್ಣಿನ ಬೀಜವನ್ನಷ್ಟೇ ಹುಡುಕಿ ಚೂರು ಮಾಡುವ ಕತ್ತರಿಯೊಂದನ್ನು ಪ್ರಯೋಗಾಲಯದಲ್ಲಿ ಹನ್ನೆರಡು ಹೋತಗಳ ವಂಶದ ಎಳೆಯಲ್ಲಿ ಹೊಲಿದರು. ನಡುಗಡ್ಡೆಯಲ್ಲಿ ಮೊದಲಿದ್ದ ಹೋತಗಳನ್ನು ಬಲೆಗೆ ಕೆಡವಿ ಬೀಜ ಒಡೆದರು. ಹನ್ನೆರಡನ್ನೂ ಕಿವಿಗೆ ನೀಲಿ ಬಿಲ್ಲೆ ಚುಚ್ಚಿ ಅಲ್ಲಿ ಬಿಟ್ಟರು. ಒಯ್ದದ್ದು ಕುಪ್ಪಯ್ಯನ ದೋಣಿಯಲ್ಲಿ. ಅವನಿಗೆ ಹದ್ದಿನ ಚಿತ್ರದ ಖಾಕಿ ಅಂಗಿ, ಕಾವಲುಗಾರ ಎಂಬ ಹೆಸರು ಸಿಕ್ಕಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅವನನ್ನು ಒಂದು ದಿನ ಕೂರಿಸಿ ಗೋಡೆಯ ಮೇಲೆ ಬಣ್ಣದ ಚಿತ್ರ ತೋರಿಸಿದರು. ಅರ್ಥವಾಯ್ತಾ ಎಂದರು. ಅವನು ತಲೆಯಾಡಿಸಿದ. ಅರ್ಥವಾಗಲಿಲ್ಲ ಎನ್ನುವವನಿಗೆ ಖಾಕಿ ಅಂಗಿ ಕೊಡುತ್ತಾರೆಯೇ? ನೀಲಿ ಬಿಲ್ಲೆಯ ಹೋತಗಳಿಗೆ ಏನೋ ಮದ್ದು ಹಾಕಿದ್ದಾರೆ, ಬಿಲ್ಲೆ ಇದ್ದಲ್ಲಿ ಮದ್ದು, ಇಷ್ಟು ಅವನ ತಲೆಯಲ್ಲಿ ಉಳಿಯಿತು.

ಈ ಕಡಲಿನವರಲ್ಲಿ ಒಂದು ನಡಾವಳಿ ಇತ್ತು. ಹರಕೆಯ ಆಡು ಬಿಟ್ಟು, ಹಿಂದಿರುಗಿ ನೋಡದೆ ದೋಣಿಗೆ ಬರಬೇಕು. ಲಂಗರು ಎತ್ತುವುದರೊಳಗೆ ಅಲ್ಲಿಯದೊಂದು ಆಡು ತಾನಾಗಿ ದೋಣಿ ಹತ್ತಿದರೆ ಅದು ಜಟಗ ಕೊಟ್ಟದ್ದು. ಅದನ್ನು ಕೆಳಗಿಳಿಸುವಂತಿಲ್ಲ. ಮನೆಯ ಹಿಂಡಿಗೆ ಸೇರಿಸಬೇಕು. ಮತ್ತೆ ಮೂರು ವರ್ಷ, ಮನೆಯವರ ಹೊರತು ಇನ್ಯಾರಿಗೂ ಬಾಯಿ ಬಿಡಬಾರದು. ಬಿಟ್ಟರೆ ಕೊಟ್ಟವನೇ ಕಿತ್ತುಕೊಳ್ಳುತ್ತಾನೆ.

ಹೋತ ಬಿಡುವ ಮೊದಲು ಸರ್ವೆ ನಡೆಯಿತು. ನಡುಗಡ್ಡೆಯಿಂದ ಆಡು ದಂಡೆಗೆ ಬರುವುದುಂಟೇ? ಹದಿನೇಳು ಊರು, ಎಂಟುನೂರು ಮನೆ, ಎಲ್ಲರೂ ಇಲ್ಲ ಎಂದರು. ಮನೆಮನೆಗೆ ದಾರಿ ತೋರಿಸಿದವನು ಕುಪ್ಪಯ್ಯ. ತನ್ನ ಮನೆಯ ಫಾರಮಿಗೂ ಅವನೇ ಇಲ್ಲ ಎಂದು ಬರೆಸಿದ. ವಿಜ್ಞಾನಕ್ಕೆ ಸುಳ್ಳು ಹೇಳಬೇಕೆಂದು ಯಾರ ಮನಸ್ಸಿನಲ್ಲೂ ಇರಲಿಲ್ಲ, ಜಟಗನಿಗೆ ಕೊಟ್ಟ ಮಾತು ಉಳಿಸಿಕೊಂಡರು, ಅಷ್ಟೇ. ಬೂಟು ಹಾಕಿಕೊಂಡು ಅಂಗಳಕ್ಕೆ ಬಂದು, ಕೂತುಕೊಳ್ಳದೆ ನಿಂತೇ ಕೇಳಿದವರಿಗೆ ಮನೆಯ ಗುಟ್ಟು ಹೇಳುವವರು ಯಾರು?

ಹೋತ ಬಿಟ್ಟ ಎರಡನೆಯ ವರ್ಷ ಕುಪ್ಪಯ್ಯ ಲಂಗರು ಎತ್ತುತ್ತಿದ್ದಾಗ, ಹಣೆಯಲ್ಲಿ ಬಿಳಿ ಬೊಟ್ಟಿದ್ದ ಒಂದು ಎಳೆಯ ಕಪ್ಪು ಹೋತ ಬಂಡೆಯಿಂದ ದೋಣಿಗೆ ನೆಗೆಯಿತು. ಅವನು ಮೊದಲು ನೋಡಿದ್ದು ಕಿವಿಯನ್ನು. ಬಿಲ್ಲೆ ಇರಲಿಲ್ಲ. ಅವನ ಕಣ್ಣಿಗೆ ನೀರು ಬಂತು, ಅಕ್ಕನ ನೆನಪಾಯಿತು.

*

ಹನ್ನೊಂದನೆಯ ಗಂಡು ಮರಿ ಹುಟ್ಟಿದ ಮರುದಿನ ಅವನು ಹೋತ ಬಿಟ್ಟವರ ಸಂಶೋಧನಾ ಕೇಂದ್ರಕ್ಕೆ ಹೋದ. ಅಳಿವೆಯ ಬದಿಯ ಹಳೆಯ ಉಪ್ಪಿನ ಗೋದಾಮಿನಲ್ಲಿ ಗೋಡೆಯುದ್ದದ ಪರದೆ ಹಾಕಿದ್ದರು. ಪರದೆಯ ಮೇಲೆ ತುದಿಗುಡ್ಡ, ಅದರ ಮೇಲೆ ಓಡಾಡುವ ಚುಕ್ಕೆಗಳು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಇಂದುಮತಿ ಹಳ್ಳಿಕೇರಿ ಧಾರವಾಡದ ಕಡೆಯವರು. ಅವತ್ತು ಅವರ ಮೇಜಿನ ಮೇಲೆ ಪೇಡೆಯ ಪೆಟ್ಟಿಗೆ ಇತ್ತು.

"ಬಾ ಕುಪ್ಪಯ್ಯ, ಬಾಯಿ ಸಿಹಿ ಮಾಡ್ಕೋ. ಈ ವರ್ಷ ಗುಡ್ಡದಾಗ ಎಂಬತ್ತಾರು ಮರಿ ಹುಟ್ಟ್ಯಾವ. ಹೆಣ್ಣು ಎಷ್ಟು ಹೇಳು ನೋಡೋಣ."

"ಎಷ್ಟು?"

"ಸೊನ್ನಿ."

ಪೇಡೆ ಅವನ ಕೈಯಲ್ಲೇ ಉಳಿಯಿತು. "ಮೇಡಂ, ಮದ್ದು ಇದ್ದದ್ದು ಆ ಹನ್ನೆರಡಕ್ಕೆ ಅಲ್ದಾ? ನೀಲಿ ಬಿಲ್ಲೆದಕ್ಕೆ?"

"ಮದ್ದಲ್ಲೋ ಮಾರಾಯ. ಎಷ್ಟು ಸರತಿ ಹೇಳೇನಿ. ಅದು ವಂಶದಾಗ ಐತಿ. ಅಪ್ಪಂದು ಮಗಗ, ಮಗಂದು ಮೊಮ್ಮಗಗ. ಹುಟ್ಟೋವೆಲ್ಲಾ ಗಂಡು, ಹುಟ್ಟಿದ ಗಂಡೆಲ್ಲಾ ಅಪ್ಪನಂಗ. ಅದಕ್ಕ ಅಲ್ಲೇನು ಹನ್ನೆರಡು ಸಾಕಾಗಿದ್ದು? ಯಾಕ ಕೇಳಾಕತ್ತಿ?"

"ಸುಮ್ನೆ."

"ನಿನ್ನ ಮಾರಿ ಸುಮ್ನ ಅನ್ನೋ ಹಂಗಿಲ್ಲ."

ಅವನು ಪರದೆಯ ಕಡೆ ತಿರುಗಿ ಬೇರೆ ಮಾತು ತೆಗೆದ. "ಅಲ್ಲಿ ಹಸಿರು ಹೆಚ್ಚಾದ ಹಾಗೆ ಕಾಣ್ತದೆ."

ಇಂದುಮತಿಯ ದನಿ ಸ್ವಲ್ಪ ಇಳಿಯಿತು. "ಅದು ಲಂಟಾನ. ಮಂದಿ ಹೊತ್ತುಕೊಂಡು ಬಂದ ಮಣ್ಣಿನಾಗ ಬೀಜ ಬಂದಾವ. ಆಡು ತುಳದು ತುಳದು ಏಳಗೊಡತಿರಲಿಲ್ಲ, ಈಗ ಎದಿಮಟ್ಟ ಆಗೇತಿ. ಹದ್ದು ಇನ್ನೂ ಬಂದಿಲ್ಲ. ಲಂಟಾನಕ್ಕೂ ಒಂದು ಬೂಷ್ಟು ತಯಾರು ಮಾಡಾಕತ್ತಾರ, ಮುಂದಿನ ವರ್ಷ ಬಿಡತೀವಿ."

ಕುಪ್ಪಯ್ಯ ಬಾಗಿಲವರೆಗೆ ಹೋದ. ಹೊಸ್ತಿಲಲ್ಲಿ ನಿಂತ. ಮೂರು ವರ್ಷ ಇನ್ನೂ ತುಂಬಿರಲಿಲ್ಲ.

"ಮೇಡಂ," ಎಂದ, ಬೆನ್ನು ಹಾಕಿಯೇ. "ಒಂದು ನಮ್ಮನೇಲಿ ಉಂಟು."

ತಿರುಗಿ ನೋಡಿದರೆ ಇಂದುಮತಿ ಕುರ್ಚಿಯಲ್ಲಿ ಕೂತಿದ್ದರು. "ಮರಿಗೋಳು?" ಎಂದರು.

"ಇಪ್ಪತ್ತು. ಎಲ್ಲಾ ಹೋತ. ಒಂಬತ್ತನ್ನು ಅಕ್ಕ ಬೀಜಕ್ಕೆ ಅಂತ ಕೊಟ್ಟಾಯ್ತು. ಜಟಗನ ತಳಿ, ನೋಡೂಕೆ ಚಂದ ಇತ್ತು. ಘಟ್ಟದ ಮೇಲಿನವ್ರೂ ಬಂದು ಒಯ್ದಿದ್ರು."

*

ಮೀನು ಹರಾಜಿನ ಕಟ್ಟೆಯಲ್ಲಿ ಸಭೆ ಕರೆದರು. ಇಂದುಮತಿ ಎಲ್ಲ ವಿವರಿಸಿ, ಗುಡ್ಡದ ಆಡು ಯಾರ ಮನೆಯಲ್ಲಾದರೂ ಇದೆಯೇ ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ಕುಪ್ಪಯ್ಯ ಎದ್ದು ನಿಂತು, ತನ್ನ ಮನೆಯದನ್ನು ಹೇಳಿದ. ಗಣಪಿ ಹೆಂಗಸರ ಸಾಲಿನಲ್ಲಿದ್ದಳು. ಅವಳಿಗೆ ಈ ಸುದ್ದಿ ಗೊತ್ತಾದದ್ದು ಹೀಗೆ, ಊರೆಲ್ಲರ ಜೊತೆಗೆ. ಮನೆಯಲ್ಲಿ ಹೇಳಲು ಅವನಿಗೆ ಎರಡು ದಿನ ಧೈರ್ಯ ಬಂದಿರಲಿಲ್ಲ.

ಮೊದಲು ಬಾಯಿ ಬಿಟ್ಟವನು ಹಲ್ಲಿಲ್ಲದ ಮುದುಕ ದುರ್ಗಯ್ಯ. "ಆಯ್ತು, ಇವ ಹೇಳಿ ಆದ ಮೇಲೆ ನಂದೆಂತ. ನಮ್ಮನೆಗೂ ಒಂದು ಬಂದಿತ್ತು. ಹೋದ ಚೌತಿ ಹೊತ್ತಿಗೆ."

"ಅಜ್ಜಾ, ಹರಕೆ ಆಡು ಬಿಡೂಕೆ ನಿಂಗೆ ಗುಡ್ಡ ಹತ್ತೂಕೆ ಕಾಲೆಲ್ಲಿತ್ತು?" ಎಂದ ಯಾರೋ.

"ಕಾಲಿಲ್ಲ ಅಂತಲೇ ಅದು ನೆಗೆದು ಬಂತು, ಹೌದಾ?"

ಒಂದು ನಗು ಹೋಯಿತು. ಆಮೇಲೆ ಒಬ್ಬೊಬ್ಬರೇ ಶುರುಮಾಡಿದರು. ನಮ್ಮಲ್ಲೂ ಒಂದು. ನಮ್ಮ ಮಾವನ ಮನೆಗೆ ಎರಡು. ಅಷ್ಟೂ ಮಂದಿ ತಾನೊಬ್ಬನಿಗೇ ದೇವರು ಒಲಿದದ್ದು ಎಂದು ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದರು. ಇಂದುಮತಿ ಬರೆದುಕೊಳ್ಳುತ್ತ ಮೂವತ್ತೊಂದಕ್ಕೆ ಪೆನ್ನು ಮುಚ್ಚಿದರು. ಹೇಳುವವರು ಇನ್ನೂ ಇದ್ದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಗಣಪಿ ಮುಂದೆ ಮುಂದೆ ನಡೆದಳು. ಅಂಗಳದಲ್ಲಿ ತಿರುಗಿ ನಿಂತಳು.

"ಸಭೇಲಿ ಹೇಳೂಕೆ ಬಾಯಿ ಬಂತು. ನಂಗೆ ಹೇಳೂಕೆ ಬರ್ಲಿಲ್ಲ."

"ಅಕ್ಕಾ, ಮೇಡಂ ಹೇಳ್ತ್ರು, ಹೆಣ್ಣಾಡಿಗೆ ಎಂತದೂ ಆಗ್ಲಿಲ್ಲ. ದೋಷ ಹೋತದ್ದು ಮಾತ್ರ. ಒಳ್ಳೆ ಹೋತ ಒಂದು ಸಿಕ್ಕಿದ್ರೆ ಮುಂದಿನ ಸಲವೇ ಹೆಣ್ಣು ಹುಟ್ತದೆ."

"ಸಿಕ್ಕಿದ್ರೆ?"

"ತಂದು ಕಟ್ತೆ."

ಅವಳು ಅವನನ್ನು ಅಳೆಯುವ ಹಾಗೆ ನೋಡಿದಳು. "ಬೇಗ ತಾ. ಆಡಿನ ಬೆದೆ ದೀಪಾವಳಿ ಮುಂಚೆ ಬತ್ತದೆ."

*

ಎಂಟು ದಿನಕ್ಕೆ, ಕೇಂದ್ರವನ್ನು ನಡೆಸುವ ಸಮಿತಿಯ ಆದೇಶ ಬಂತು. ಸಮಿತಿಯವರು ಎಲ್ಲಿದ್ದರು ಎಂದರೆ ಪರದೆಯ ಮೇಲಿದ್ದರು, ಒಂಬತ್ತು ಚೌಕದಲ್ಲಿ ಒಂಬತ್ತು ಮುಖ, ಇನ್ನೆರಡು ಚೌಕದಲ್ಲಿ ಬರೀ ಹೆಸರು. ಕುಪ್ಪಯ್ಯ ಬಾಗಿಲ ಬಳಿ ನಿಂತು ಕೇಳಿದ. ಎರಡು ಹೊಳೆಗಳ ನಡುವೆ, ಕಡಲಿನಿಂದ ಘಟ್ಟದ ಬುಡದವರೆಗೆ ನಿರ್ಬಂಧಿತ ವಲಯ. ಅದರೊಳಗಿನ ಹೋತಗಳನ್ನೆಲ್ಲ ಬರುವ ಸೋಮವಾರದಿಂದ ವಶಪಡಿಸಿಕೊಳ್ಳುವುದು. ಹತ್ತು ವರ್ಷ ವಲಯದಿಂದ ಒಂದು ಆಡೂ ಹೊರಗೆ ಹೋಗುವಂತಿಲ್ಲ, ಒಂದು ಆಡೂ ಒಳಗೆ ಬರುವಂತಿಲ್ಲ.

"ಒಳಗ ಯಾಕ ಬರಬಾರದು ಸರ್?" ಇಂದುಮತಿ ಕೇಳಿದರು. "ಶುದ್ಧ ಹೋತ ಒಳಗ ಬಂದರ ಮಂದೀ ಆಡು ಉಳೀತಾವ."

ಒಂದು ಚೌಕದೊಳಗಿನ ಮುಖ ಚಹಾ ಕುಡಿಯುತ್ತಿತ್ತು. ಶುದ್ಧ ಯಾವುದು ಅಶುದ್ಧ ಯಾವುದು ಎಂದು ಪ್ರತಿದಿನ ಪರೀಕ್ಷೆ ಮಾಡಲು ಸಿಬ್ಬಂದಿ ಇಲ್ಲ. ಇರುವ ಹೆಣ್ಣಾಡುಗಳಿಗೆ ಹತ್ತು ವರ್ಷದಲ್ಲಿ ವಯಸ್ಸಾಗುತ್ತದೆ. ಅಲ್ಲಿಗೆ ಸಮಸ್ಯೆ ತಾನಾಗಿ ತೀರುತ್ತದೆ, ಯಾರ ಮೇಲೂ ಬಲಪ್ರಯೋಗ ಬೇಕಾಗುವುದಿಲ್ಲ. ಅದನ್ನು ಹಾಗೆಯೇ ಬರೆದುಕೊಂಡರು.

ಗುಡ್ಡದ ಆಡಿಗೆ ಮಾಡಿದ್ದನ್ನೇ ಗಣಪಿಯ ಆಡಿಗೂ ಮಾಡಿದರು. ಗುಂಡಿಲ್ಲ, ವಿಷವಿಲ್ಲ. ಮುದಿಯಾಗುವುದನ್ನು ಕಾಯುವುದು. ಕುಪ್ಪಯ್ಯನಿಗೆ ಪರದೆಗೆ ಕೈಗೆ ಸಿಕ್ಕಿದ್ದನ್ನು ಬೀಸಿ ಒಗೆಯಬೇಕು ಅನ್ನಿಸಿತು. ಒಗೆದರೂ ಒಡೆಯುತ್ತಿದ್ದದ್ದು ಪರದೆ, ಮುಖಗಳಲ್ಲ.

ಪರದೆ ಆರಿದ ಮೇಲೆ ಇಂದುಮತಿ ಕಪಾಟಿನಿಂದ ಒಂದು ಡಬ್ಬಿ ತೆಗೆದು ಅವನ ಕೈಗಿಟ್ಟರು. ಒಳಗೆ ನಲವತ್ತು ಕಾಗದದ ಪಟ್ಟಿಗಳು. ಕಿವಿಯಿಂದ ಒಂದು ತೊಟ್ಟು ರಕ್ತ ಹಾಕಿದರೆ, ಕತ್ತರಿ ಇದ್ದ ಹೋತಕ್ಕೆ ಎರಡು ಗೆರೆ, ಇಲ್ಲದ್ದಕ್ಕೆ ಒಂದು ಗೆರೆ.

"ಇವತ್ತು ಗುರುವಾರ. ನಾಕಾ ಹಾಕೋದು ಸೋಮವಾರ. ನಾ ಏನೂ ಹೇಳಿಲ್ಲ, ನೀ ಏನೂ ಕೇಳಿಲ್ಲ," ಎಂದರು. ಅವನ ಮುಖ ನೋಡಲಿಲ್ಲ.

*

ಕುಪ್ಪಯ್ಯ ಘಟ್ಟ ಹತ್ತಿ ಹಾವೇರಿ ಕಡೆಯ ಸಂತೆಗಳಿಗೆ ಹೋದ. ಶುಕ್ರವಾರದ ಸಂತೆಯಲ್ಲಿ ಹದಿನೇಳು ಹೋತ, ಐದಕ್ಕೆ ಎರಡು ಗೆರೆ. ಶನಿವಾರದ ಸಂತೆಯಲ್ಲಿ ಹದಿನಾಲ್ಕು, ನಾಲ್ಕಕ್ಕೆ ಎರಡು ಗೆರೆ. ಎರಡನೆಯ ಸಂತೆಯಲ್ಲಿ ಒಂದು ಕಪ್ಪು ಹೋತದ ಹಣೆಯ ಮೇಲಿನ ಬಿಳಿ ಬೊಟ್ಟು ನೋಡಿ ಪಟ್ಟಿ ತೆಗೆಯುವ ಮೊದಲೇ ಅವನಿಗೆ ಗೊತ್ತಾಯಿತು. ಅದು ಗಣಪಿಯ ಕೊಟ್ಟಿಗೆಯದು.

ಫೋನು ಮಾಡಿದ. "ಮೇಡಂ, ಘಟ್ಟದ ಮೇಲೂ ಬಂದಾಯ್ತು. ಒಂಬತ್ತು ಸಿಕ್ಕಿತು."

"ಗೊತ್ತು," ಎಂದರು ಇಂದುಮತಿ. "ವಲಯದ ಹೊರಗ ಪರೀಕ್ಷಾ ಮಾಡೋ ಹಂಗಿಲ್ಲ ಅಂದಾರ. ಮಾಡಿದ್ರ ಸಿಗತಾವ. ಸಿಕ್ಕರ ವಲಯ ದೊಡ್ಡದಾಗತೈತಿ. ಅದು ಅವ್ರಿಗೆ ಬ್ಯಾಡಾಗೇತಿ."

ಅಂದರೆ ಹುಡುಕದ ಜಾಗದಲ್ಲಿ ರೋಗವಿಲ್ಲ. ಕುಪ್ಪಯ್ಯ ಫೋನಿನಲ್ಲೇ ಬಾಯಿಗೆ ಬಂದದ್ದು ಬೈದ. ಇಂದುಮತಿ ಇಟ್ಟುಬಿಡಲಿಲ್ಲ, ಪೂರ್ತಿ ಕೇಳಿಸಿಕೊಂಡರು.

ಒಂದು ಗೆರೆಯವುಗಳಲ್ಲಿ ಅವನು ಆರಿಸಿದ್ದು ಒಬ್ಬ ಕುರುಬ ಮುದುಕನ ಕಂದು ಹೋತವನ್ನು. ಅಗಲ ಎದೆ, ತಿರುಚಿದ ಕೊಂಬು. ಎರಡು ಸಲ ಪಟ್ಟಿ ಹಾಕಿದ, ಎರಡು ಸಲವೂ ಒಂದೇ ಗೆರೆ. "ಇಷ್ಟು ಸೂಜಿ ಚುಚ್ಚತಿ, ಹೋತಕ್ಕ ಹೆಣ್ಣು ನೋಡಾಕ ಬಂದಿಯೇನು?" ಎಂದ ಮುದುಕ. ಕುಪ್ಪಯ್ಯ ಹೌದು ಎಂದ. ಟೆಂಪೋ ಮಾಡಿಕೊಂಡು, ಹೋತಕ್ಕೆ ಗೋಣಿ ಹಾಸಿ, ತಾನೂ ಹಿಂದೆ ಅದರ ಪಕ್ಕ ಕೂತ. ಅಕ್ಕನಿಗೆ ಫೋನು ಮಾಡಿ, "ಸಿಕ್ತು. ಭಾನುವಾರ ಮಧ್ಯಾಹ್ನಕ್ಕೆ ಬತ್ತೆ," ಎಂದ. ಆ ಕಡೆಯಿಂದ ಆಡುಗಳು ಕೂಗುವುದು ಕೇಳುತ್ತಿತ್ತು. "ನಾಲ್ಕು ಬೆದೆಗೆ ಬಂದವೆ," ಎಂದಳು ಗಣಪಿ. ಅವಳ ದನಿಯಲ್ಲಿ ನಗುವಿತ್ತು.

ಘಟ್ಟದ ಬುಡದಲ್ಲಿ ಬಿದಿರು ಅಡ್ಡ ಹಾಕಿದ್ದರು. ಸೋಮವಾರದ ನಾಕಾ ಭಾನುವಾರವೇ ಬಂದಿತ್ತು.

"ನಾಳೆಯಿಂದ ಅಲ್ದಾ?" ಎಂದ ಕುಪ್ಪಯ್ಯ ಇಳಿದು.

"ನಿನ್ನೆ ಸಂಜೆ ಬದಲಾಯ್ತು," ಎಂದ ಕಾವಲಿನವನು. ಅವನ ಮೈಮೇಲೂ ಹದ್ದಿನ ಖಾಕಿ ಅಂಗಿ. "ಗಾಡಿ ತಿರುಗ್ಸು ಅಣ್ಣಾ, ಡಾಕ್ಟ್ರು ನೋಡೂದ್ರೊಳಗೆ."

ಡಾಕ್ಟರು ನೋಡಿ ಆಗಿತ್ತು. ಕೈಗವಸು ಹಾಕಿದ ಎಳೆಯ ಪಶುವೈದ್ಯ, ಕಾಗದದ ಹಲಗೆ ಹಿಡಿದು ಬಂದ. ಕುಪ್ಪಯ್ಯ ಪಟ್ಟಿ ತೋರಿಸಿದ. ಮತ್ತೊಂದು ಪಟ್ಟಿ ತೆಗೆದು ಅವರ ಎದುರಿಗೇ ರಕ್ತ ಹಾಕಿದ. ಒಂದು ಗೆರೆ.

"ಶುದ್ಧ ಇದೆ, ನಾನು ಒಪ್ಪುತ್ತೇನೆ," ಎಂದ ವೈದ್ಯ. "ಆದರೆ ನಿಮ್ಮ ಗಾಡಿ ವಲಯದ ಕಲ್ಲು ದಾಟಿ ಇನ್ನೂರು ಅಡಿ ಒಳಗೆ ನಿಂತಿದೆ. ಒಳಗಿರುವ ಹೋತವನ್ನು ಹೊರಗೆ ಬಿಡುವಂತಿಲ್ಲ. ಹೊರಗಿನದನ್ನು ಒಳಗೆ ಬಿಡುವಂತಿಲ್ಲ."

"ಮತ್ತೆ ಎಲ್ಲಿ ಬಿಡೂದು?"

ವೈದ್ಯ ಸೂಜಿಯ ಪೆಟ್ಟಿಗೆ ತೆಗೆದ. ಕುಪ್ಪಯ್ಯ ಅಡ್ಡ ಹೋದ, ಇಬ್ಬರು ಹಿಡಿದುಕೊಂಡರು. ಹಿಡಿದವರಲ್ಲಿ ಒಬ್ಬ ಆ ಕಾವಲಿನವನೇ. "ನಮ್ಮನೇಲೂ ಆರು ಉಂಟು ಅಣ್ಣಾ," ಎಂದು ಅವನ ಕಿವಿಯ ಹತ್ತಿರ ಹೇಳುತ್ತಲೇ ಇದ್ದ, "ನಮ್ಮನೇಲೂ ಆರು ಉಂಟು." ಹೋತ ಗೋಣಿಯ ಮೇಲೆ ಮೊದಲು ಮುಂಗಾಲು ಮಡಚಿತು. ಮಲಗುವ ಆಡಿನ ಹಾಗೆಯೇ ಮಲಗಿತು. ವೈದ್ಯ ಹಲಗೆಯ ಮೇಲೆ ಒಂದು ಸಂಖ್ಯೆ ಬರೆದುಕೊಂಡ.

*

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಗಣಪಿ ಅಂಗಳಕ್ಕೆ ಬಂದು ಅವನ ಹಿಂದೆ ನೋಡಿದಳು, ದಾರಿಯ ತಿರುವಿನವರೆಗೆ ನೋಡಿದಳು. ಅವನು ನಡೆದದ್ದನ್ನು ಹೇಳಿದ. ಈ ಸಲ ಏನೂ ಬಿಡಲಿಲ್ಲ.

ಕೊಟ್ಟಿಗೆಯಲ್ಲಿ ನಾಲ್ಕು ಆಡುಗಳು ಬಾಲ ಬಡಿಯುತ್ತ ಕೂಗುತ್ತಿದ್ದವು. ಎರಡು ದಿನದಿಂದ ಕೂಗಿ ಕೂಗಿ ಅವುಗಳ ಗಂಟಲು ಕಟ್ಟಿತ್ತು. ಆಚೆ ಬದಿಯ ಗಳಕ್ಕೆ ಕಟ್ಟಿದ ಗುಡ್ಡದ ಹೋತ ಹಗ್ಗ ಜಗ್ಗಿ ಜಗ್ಗಿ ಕುತ್ತಿಗೆ ತರಚಿಕೊಂಡಿತ್ತು.

"ಇದನ್ನು ನಾಳೆ ಒಯ್ತಾರಾ?" ಎಂದಳು ಗಣಪಿ.

"ಬೆಳಿಗ್ಗೆ ಗಾಡಿ ಬತ್ತದೆ."

"ಹಾಗಾದ್ರೆ ಹಗ್ಗ ಬಿಚ್ಚು."

"ಅಕ್ಕಾ, ಬ್ಯಾಡ. ಅದೇ ತಪ್ಪು ಮತ್ತೆ... ಹುಟ್ಟೂದೆಲ್ಲಾ ಹೋತ, ಎಲ್ಲಾ ಒಯ್ತಾರೆ. ಇನ್ನೊಂದು ದಾರಿ ಹುಡುಕ್ತೆ. ದೋಣಿ ಮೇಲೆ ತರ್ತೆ, ಬಡಗಣದಿಂದ..."

"ಎಷ್ಟು ದಿನಕ್ಕೆ?"

ಅವನು ಬೆರಳು ಮಡಚಿ ದಿನ ಎಣಿಸತೊಡಗಿದ.

"ಬೆದೆ ಕಾಯ್ತದಾ ನಿನ್ನ ದೋಣಿಗೆ?" ಅವಳ ದನಿ ಏರಲಿಲ್ಲ. "ಈಯದಿದ್ರೆ ಹಾಲಿಲ್ಲ. ಕೆಳಗಿನ ಮನೆ ಪಾರೂನ ಕೂಸು ಹುಟ್ಟಿ ಒಂಬತ್ತು ದಿನ, ಅವಳ ಎದೇಲಿ ಹನಿ ಇಲ್ಲ. ಈಗ ಈದವು ಇನ್ನೈದು ತಿಂಗಳಿಗೆ ಬತ್ತುತ್ತವೆ. ಆ ಕೂಸಿಗೆ ಅಷ್ಟು ಹೊತ್ತಿಗೆ ಎಂತ ಕುಡ್ಸೂದು, ನಿನ್ನ ಸಮಿತಿಯವ್ರ ಚಾಯ ಕುಡ್ಸೂದಾ?"

ಅವನು ಹಗ್ಗದ ಗಂಟಿಗೆ ಕೈ ಹಾಕಿದ. ಹೋತ ಜಗ್ಗಿ ಗಂಟು ಬಿಗಿದಿತ್ತು, ಉಗುರಿಗೆ ಸಿಗುತ್ತಿರಲಿಲ್ಲ. ಅವಳೇ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಐದು ತಿಂಗಳಿಗೆ ಮರಿ. ಹುಟ್ಟಿದ ದಿನವೇ ಬಂದು ತಕ್ಕೊಂಡು ಹೋಗ್ಲಿ, ನಾನು ಬಾಲ ಎತ್ತಿ ನೋಡೂದೂ ಇಲ್ಲ," ಎಂದಳು, ಗಂಟು ಸಡಿಲಿಸುತ್ತ. "ಹಾಲು ನಂದು."

ಗಂಟು ಬಿಚ್ಚಿತು. ಕುಪ್ಪಯ್ಯ ಹಗ್ಗ ಕೈಯಲ್ಲೇ ಹಿಡಿದು ಒಂದು ಗಳಿಗೆ ಕೂತ. ಆಮೇಲೆ ಬಿಟ್ಟ.